ಎಡಗಡೆಯ ಮೇಲಿನ ಮೂಲೆ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬರುವವರು ಮೊದಲು ಮನೆಯ ಮೆಟ್ಟಿಲು ಎಣಿಸುತ್ತಾರೆ. ಮೂರೋ ನಾಲ್ಕೋ ಇದ್ದರೆ ಒಳಗೆ ಬಂದು ಕೂತು ಕಾಫಿ ಕುಡಿಯುತ್ತಾರೆ. ಹತ್ತು ದಾಟಿದ್ದರೆ ಬೀದಿಯಲ್ಲೇ ನಿಂತು, ನಮ್ಮ ತಾಯಿಗೆ ಮಂಡಿನೋವು ಅಂತ ಹೇಳಿ ಹಾಗೆಯೇ ಹೊರಟುಬಿಡುತ್ತಾರೆ. ಮನೆಯೊಳಗೆ ಆಡದೆ ನುಂಗಿಕೊಂಡ ಮಾತೆಲ್ಲ ತಳಪಾಯಕ್ಕೆ ಸೇರಿ ಮನೆ ಮೇಲೇಳುತ್ತದೆ. ಆಡಿಬಿಟ್ಟರೆ ಇಳಿಯುತ್ತದೆ. ಹೀಗೇಕೆ ಅಂತ ಹೊರಗಿನಿಂದ ಬಂದವರು ಕೇಳುತ್ತಾರೆ. ನಿಮ್ಮ ಊರಿನಲ್ಲಿ ಅದೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ನಾವು ಕೇಳುತ್ತೇವೆ.

ನಮ್ಮ ಪಕ್ಕದ ಮನೆಯ ಸಣ್ಣಮ್ಮನ ಮನೆ ಊರಿಗೆಲ್ಲ ಕುಳ್ಳ. ಅವಳು ಬೆಳಿಗ್ಗೆ ಎದ್ದಾಗಿನಿಂದ ಗಂಡನಿಗೆ ಏನೇನು ಹೇಳಬೇಕೋ ಅದನ್ನು ಹೇಳುತ್ತಲೇ ಇರುತ್ತಾಳೆ, ಅವನೂ ಬಾಕಿ ಇಟ್ಟುಕೊಳ್ಳುವವನಲ್ಲ. ಮದುವೆಯಾದ ಹೊಸತರಲ್ಲಿ, ಇಬ್ಬರಿಗೂ ಇನ್ನೂ ನಾಚಿಕೆ ಇದ್ದ ಕಾಲದಲ್ಲಿ, ಮುಂದುಗಡೆ ಕಟ್ಟಿಸಿದ ನಾಲ್ಕು ಕಲ್ಲುಮೆಟ್ಟಿಲು ಇನ್ನೂ ಹಾಗೇ ಇವೆ. ಬಾಗಿಲು ಮಾತ್ರ ಕೆಳಗಿಳಿದಿದೆ. ಎಲ್ಲಿಗೂ ಹೋಗದ ಆ ಮೆಟ್ಟಿಲ ಮೇಲೆ ಅವಳು ಸಂಡಿಗೆ ಒಣಹಾಕುತ್ತಾಳೆ.

ನಾನು ಕಿಟಕಿ ತೊಳೆಯುವವಳು. ಹೆಸರು ಪುಟ್ಟತಾಯಮ್ಮ. ಹತ್ತೊಂಬತ್ತು ವರ್ಷದಿಂದ ನೀರುದೋಟಿ ಹಿಡಿದಿದ್ದೇನೆ. ಮಾವಿನಕಾಯಿ ಕೀಳುವ ದೋಟಿಯ ಹಾಗೆಯೇ ಅದು, ತುದಿಯಲ್ಲಿ ಕೊಕ್ಕೆಯ ಬದಲು ಬ್ರಷ್ಷು. ಒಳಗೆಲ್ಲ ಟೊಳ್ಳು. ಆ ಟೊಳ್ಳಿನಲ್ಲಿ ಬೆರಳುಗಾತ್ರದ ಪೈಪು ಹೋಗಿ ಬ್ರಷ್ಷಿನ ಬುಡದಲ್ಲಿ ನೀರು ಚಿಮ್ಮಿಸುತ್ತದೆ. ಒಂದರೊಳಗೊಂದು ಕೂರುವ ಎಂಟು ತುಂಡುಗಳು, ಕಬ್ಬಿನ ಹಾಗೆ ಅವಕ್ಕೆ ಗೆಣ್ಣು ಅನ್ನುತ್ತೇವೆ. ಬೇಕಾದಷ್ಟು ಗೆಣ್ಣು ಎಳೆದು ಕ್ಲಾಂಪು ಒತ್ತಿದರೆ ಟಕ್ ಅಂತ ಬಿಗಿಯುತ್ತದೆ. ಕೆಳಗೆ ಕೈಗಾಡಿ, ಗಾಡಿಯ ಮೇಲೆ ಡ್ರಮ್ಮು, ಫಿಲ್ಟರು, ಕೈಪಂಪು. ಪಂಪು ನಮ್ಮ ಯಜಮಾನರು ಜವರಯ್ಯನವರದ್ದು, ದೋಟಿ ನನ್ನದು. ಮೊದಲು ಅವರೇ ದೋಟಿ ಹಿಡಿಯುತ್ತಿದ್ದರು. ಒಂದು ಆಷಾಢದ ಗಾಳಿಯಲ್ಲಿ ಎಂಟೂ ಗೆಣ್ಣು ವಾಲಿದಾಗ ಕೈಬಿಟ್ಟು ಪಕ್ಕಕ್ಕೆ ಸರಿಯುವ ಬದಲು ಹಿಡಿದುಕೊಂಡೇ ನಿಂತರು. ದೋಟಿ ಉಳಿಯಿತು, ಬಲಗಡೆ ಭುಜ ಹೋಯಿತು.

ಏಣಿ ಹಾಕಿ ತೊಳೆಯಬಹುದಲ್ಲ ಅಂತ ನೀವು ಕೇಳಬಹುದು. ನಮ್ಮ ಮಾವನವರು ಏಣಿಯವರೇ. ಒಂದು ದಿನ ಒಂದು ಮನೆಯ ಕಿಟಕಿಗೆ ಏಣಿ ಒರಗಿಸಿ ತುದಿಯಲ್ಲಿ ನಿಂತಿದ್ದರು. ಒಳಗೆ ಆ ಮನೆಯ ಸೊಸೆ ಎಂಟು ವರ್ಷದಿಂದ ಇಟ್ಟುಕೊಂಡಿದ್ದ ಒಂದು ಮಾತನ್ನು ಅತ್ತೆಗೆ ಹೇಳಿಬಿಟ್ಟಳು. ಮನೆ ಎರಡು ಮೊಳ ಇಳಿಯಿತು. ಏಣಿ ಜಾರಿ ಮಾವನವರು ಕಿಟಕಿಯ ಮೂಲಕ ನೇರವಾಗಿ ಅಡುಗೆಮನೆಗೆ ಹೋಗಿ, ಮಜ್ಜಿಗೆ ಕಡೆಯುತ್ತಿದ್ದ ಅದೇ ಅತ್ತೆಯ ಮುಂದೆ ಬಿದ್ದರು. ಪೆಟ್ಟೇನೂ ಆಗಲಿಲ್ಲ. ಆದರೆ ಆ ಅತ್ತೆ, ಸೊಸೆಗೆ ಹೇಳಬೇಕಾದ್ದನ್ನೆಲ್ಲ ಅವರಿಗೆ ಹೇಳಿದಳಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಏಣಿ ಇಲ್ಲ.

ದೋಟಿ ಎತ್ತುವುದು ತೋಳಿನ ಕೆಲಸ ಅಂತ ಜನ ಅಂದುಕೊಂಡಿದ್ದಾರೆ. ತೋಳಿನಲ್ಲಿ ಎತ್ತಿದವರು ವಾರದೊಳಗೆ ಹಾಸಿಗೆ ಹಿಡಿಯುತ್ತಾರೆ. ಬ್ರಷ್ಷನ್ನು ಗೋಡೆಗೆ ಆನಿಸಿ, ಬುಡವನ್ನು ಪಾದಕ್ಕೆ ಹತ್ತಿರ ಇಟ್ಟು, ಒಂದೊಂದೇ ಗೆಣ್ಣನ್ನು ಮೇಲಕ್ಕೆ ಬಿಡಬೇಕು. ನೇರ ನಿಂತ ದೋಟಿ ಕೂಸಿನಷ್ಟೂ ಭಾರವಿಲ್ಲ. ಒಂದು ಗೇಣು ವಾಲಿದರೆ ಎಮ್ಮೆ. ಮೊದಲು ಚೌಕಟ್ಟು ಉಜ್ಜಬೇಕು, ಆಮೇಲೆ ಗಾಜು, ಮೇಲಿನಿಂದ ಕೆಳಕ್ಕೆ. ಕೊನೆಗೆ ಬ್ರಷ್ಷನ್ನು ಗಾಜಿನಿಂದ ನಾಲ್ಕು ಬೆರಳು ದೂರ ಹಿಡಿದು ಬರೀ ನೀರು ಬಿಟ್ಟು ಸುಮ್ಮನೆ ನಿಲ್ಲಬೇಕು. ನೀರು ಹಾಳೆಯ ಹಾಗೆ ಇಳಿಯುತ್ತದೆ. ಫಿಲ್ಟರಿನ ನೀರಾದ್ದರಿಂದ ಬಟ್ಟೆಯಲ್ಲಿ ಒರೆಸುವುದು ಬೇಕಿಲ್ಲ, ತಾನೇ ಆರಿ ಹೊಳೆಯುತ್ತದೆ. ಆದರೆ ಚೌಕಟ್ಟಿನ ಸಂದಿಯಲ್ಲಿ ಕೊಳೆ ಉಳಿದಿದ್ದರೆ ಅದು ಆಮೇಲೆ ಸೋರಿ ಗಾಜಿನ ಮೇಲೆ ಗೆರೆ ಎಳೆಯುತ್ತದೆ. ಅದನ್ನು ಕಾಣಲು ಕಣ್ಣು ಬೇಕು.

ಈ ಕೆಲಸದಲ್ಲಿ ಇನ್ನೊಂದು ನಿಯತ್ತಿದೆ. ಯಾರ ಮನೆಗೆ ಎಷ್ಟು ಗೆಣ್ಣು ಎಳೆದೆ ಅಂತ ಯಾರಿಗೂ ಹೇಳಬಾರದು. ಮೆಟ್ಟಿಲನ್ನು ಜನ ಹೂವಿನ ಕುಂಡ ಇಟ್ಟು ಮರೆಮಾಡುತ್ತಾರೆ, ಮುಂದೆ ಚಪ್ಪರ ಹಾಕುತ್ತಾರೆ. ಗೆಣ್ಣಿಗೆ ಮರೆ ಇಲ್ಲ. ನಾನು ಬೀದಿಗೆ ಗಾಡಿ ತಳ್ಳಿಕೊಂಡು ಬಂದರೆ ಅಕ್ಕಪಕ್ಕದವರು ಅಕ್ಕಿ ಆರಿಸುವ ನೆಪದಲ್ಲಿ ಹೊರಗೆ ಕೂತು ಟಕ್ ಟಕ್ ಎಣಿಸುತ್ತಾರೆ. ಹಾಗಾಗಿ ನಾನು ಪ್ರತಿ ಮನೆಯ ಮುಂದೆಯೂ ಒಂದೆರಡು ಸುಳ್ಳು ಟಕ್ ಸೇರಿಸುತ್ತೇನೆ. ಸಣ್ಣಮ್ಮನ ಮನೆಗೆ ಕೈಯಲ್ಲಿ ಬಟ್ಟೆ ಹಿಡಿದು ಒರೆಸಿದರೆ ಸಾಕು, ಆದರೂ ಮರ್ಯಾದೆಗೆ ಅಂತ ಒಂದು ಗೆಣ್ಣು ಎಳೆದು ಮುಚ್ಚುತ್ತೇನೆ.

ಇಷ್ಟು ಮನೆಗಳ ಎತ್ತರ ಗೊತ್ತಿದ್ದೂ ಊರು ನಮ್ಮನ್ನು ನಂಬಿದ್ದು ಯಾಕೆಂದರೆ ನಮ್ಮ ಸ್ವಂತ ಮನೆ ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಒಂದು ಬೆರಳೂ ಎದ್ದಿರಲಿಲ್ಲ. ಹೊಸ್ತಿಲು ಬೀದಿಗೆ ಸರಿಸಮ. ಮದುವೆ ಮಾತಿಗೆ ಬಂದವರು ನಮ್ಮ ಬಾಗಿಲನ್ನು ಬೆರಳು ಮಾಡಿ ತೋರಿಸುತ್ತಿದ್ದರು. ನನಗೆ ಅದರ ಜಂಬ ಇತ್ತು, ಇಲ್ಲ ಅನ್ನುವುದಿಲ್ಲ.

ಕಳೆದ ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಕೊಡ ತುಂಬಿಕೊಂಡು ಒಳಗೆ ಬರುವಾಗ ಹೊಸ್ತಿಲಿಗೆ ಹೆಬ್ಬೆರಳು ಎಡವಿದೆ. ಇಪ್ಪತ್ತೆರಡು ವರ್ಷ ಎಡವದ ಹೊಸ್ತಿಲು. ಕೊಡ ಇಳಿಸಿ ನೋಡಿದರೆ ನೆಲಕ್ಕೂ ಹೊಸ್ತಿಲಿಗೂ ಎರಡು ಬೆರಳು ಅಂತರ. ನಮ್ಮವರೂ ಬಂದು ನೋಡಿದರು.

"ಬೀದಿ ಕುಸಿದಿರ್ಬೇಕು ಕಣೆ," ಅಂದರು.

ಇರಬಹುದು ಅಂತ ನಾನೂ ಅಂದೆ. ನಾವಿಬ್ಬರೂ ಹೀಗೆ ಹೇಳಿ ಮುಗಿಸುವಷ್ಟರಲ್ಲಿ ಅದು ಎರಡೂವರೆ ಬೆರಳಾಗಿತ್ತು.

ನನ್ನ ಪಾಲಿನದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಕಣ್ಣು ಮಂಜಾಗಿತ್ತು. ಐದು ಗೆಣ್ಣಿನ ಆಚೆ ಬ್ರಷ್ಷು ಒಂದು ಕಪ್ಪು ಚುಕ್ಕೆ, ಗಾಜು ಒಂದು ಬೆಳಕಿನ ತುಂಡು, ಅಷ್ಟೇ. ಹತ್ತೊಂಬತ್ತು ವರ್ಷದ ಅಭ್ಯಾಸದಿಂದ ಕೈಗೆ ಎಲ್ಲ ಕಿಟಕಿಯ ಅಳತೆ ಗೊತ್ತಿತ್ತು. ಹನ್ನೆರಡು ಸಲ ಉಜ್ಜು, ಮೂವತ್ತು ಎಣಿಸುವವರೆಗೆ ನೀರು ಬಿಡು, ಇಳಿಸು. ಇಳಿಸಿದ ಮೇಲೆ ನಮ್ಮವರನ್ನು ಹೇಗಿದೆ ಅಂತ ಕೇಳುತ್ತಿದ್ದೆ. ಮೊದಲೆಲ್ಲ ನಾನು ಹಾಗೆ ಕೇಳಿದವಳಲ್ಲ. ಅವರು ತಲೆ ಎತ್ತಿ ನೋಡಿ, "ಕನ್ನಡಿ ಹಾಗಿದೆ," ಅನ್ನುತ್ತಿದ್ದರು. ನನಗೆ ಸಮಾಧಾನ. ಕಣ್ಣಿನ ವಿಷಯ ಹೇಳಿದರೆ ದೋಟಿ ಬಿಡಬೇಕಾಗುತ್ತದೆ, ಅವರ ಭುಜಕ್ಕೆ ದೋಟಿ ಆಗುವುದಿಲ್ಲ, ಅಲ್ಲಿಗೆ ಇಬ್ಬರ ಕೆಲಸವೂ ಹೋಯಿತು. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಇಷ್ಟು ಚಿಕ್ಕ ವಿಷಯಕ್ಕೆ ಒಂದು ಹೆಂಚಿನ ಮನೆ ಎದ್ದು ನಿಲ್ಲುತ್ತದೆ ಅಂತ ನನಗೆ ಅನ್ನಿಸಲೇ ಇಲ್ಲ. ಮನೆ ಏಳುತ್ತಿದ್ದರೆ ಅದು ಅವರದ್ದೇ ಇರಬೇಕು ಅಂತ ತೀರ್ಮಾನ ಮಾಡಿದೆ.

ಮಾರ್ಚ್ ಹೊತ್ತಿಗೆ ಒಂದು ಕಲ್ಲಿನ ಮೆಟ್ಟಿಲು ಹಾಕಿಸಿದೆವು. ಯುಗಾದಿಗೆ ಎರಡನೆಯದು. ಗಾರೆಯವನು ಮೂರನೆಯದನ್ನೂ ಈಗಲೇ ಹಾಕಿಬಿಡಲಾ, ಮತ್ತೆ ಮತ್ತೆ ಬರುವುದು ತಪ್ಪುತ್ತೆ ಅಂತ ಬಹಳ ನಯವಾಗಿ ಕೇಳಿದ. ಬೇಡ ಅಂದೆ. ಹದಿನೈದು ದಿನಕ್ಕೆ ಅವನನ್ನೇ ಕರೆಸಬೇಕಾಯಿತು. ಇಬ್ಬರು ಗಿರಾಕಿಗಳು ಕಿಟಕಿ ತೊಳೆಸುವುದನ್ನು ನಿಲ್ಲಿಸಿದರು. ಕಾರಣ ಹೇಳಲಿಲ್ಲ. ಅವರ ಮನೆಯೂ ಅಷ್ಟಷ್ಟು ಎದ್ದಿರುತ್ತದೆ, ಅದು ಅವರ ಪಾಡು.

ಸಣ್ಣಮ್ಮ ಬೇಲಿಯಾಚೆಯಿಂದ ನೋಡಿಕೊಂಡೇ ಇದ್ದಳು. ಒಂದು ದಿನ ತಡೆಯಲಾರದೆ ಬಂದು, ಗಂಡಹೆಂಡತಿ ಎದುರುಬದುರು ಕೂತು ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕಿಬಿಡಿ, ನಾಚಿಕೆಯಾದರೆ ನಾನು ಬೇಕಾದರೆ ಶುರುಮಾಡಿಕೊಡುತ್ತೇನೆ ಅಂದಳು. ಅವಳನ್ನು ಕಳಿಸಿ ಸಂಜೆ ಕಾಫಿಯ ಹೊತ್ತಿಗೆ ನಾವಿಬ್ಬರೂ ಚಾಪೆ ಹಾಕಿ ಕೂತೆವು. ನಿಮ್ಮ ಅಕ್ಕ ಗೌರಿಹಬ್ಬಕ್ಕೆ ಕೊಟ್ಟ ಸೀರೆಯನ್ನು ಪಾತ್ರೆಯವನಿಗೆ ಹಾಕಿ ಇಡ್ಲಿ ಪಾತ್ರೆ ತಗೊಂಡೆ ಅಂತ ನಾನು ಒಪ್ಪಿಕೊಂಡೆ. ಅವರು ಬಹಳ ಹೊತ್ತು ಯೋಚಿಸಿ, ನಿನ್ನ ಉಪ್ಪಿಟ್ಟು ನನಗೆ ಇಪ್ಪತ್ತೆರಡು ವರ್ಷದಿಂದ ಸೇರುವುದಿಲ್ಲ ಅಂದರು. ನನಗೆ ಸಿಟ್ಟು ಬಂತು, ಅದನ್ನೂ ಹೇಳಿದೆ. ಮನೆ ಗೊಣಗಿಕೊಂಡು ಒಂದು ಬೆರಳು ಇಳಿಯಿತು. ಇಬ್ಬರೂ ಖುಷಿಯಾಗಿ ಇನ್ನೊಂದು ಲೋಟ ಕಾಫಿ ಕುಡಿದೆವು. ಮಾರನೆಯ ದಿನ ಐದು ಗೆಣ್ಣಿನ ಒಂದು ಮನೆ ತೊಳೆದೆ, ಹೇಗಿದೆ ಅಂದೆ, ಕನ್ನಡಿ ಹಾಗಿದೆ ಅಂದರು. ವಾಪಸು ಬಂದು ನೋಡಿದರೆ ನಾಲ್ಕು ಬೆರಳು ಎದ್ದಿತ್ತು.

ಆಗ ನನಗೆ ಅವರ ಮಧ್ಯಾಹ್ನಗಳ ಮೇಲೆ ಕಣ್ಣು ಬಿತ್ತು, ಇದ್ದಷ್ಟು ಕಣ್ಣು. ಊಟ ಮಾಡಿ ನಾನು ಸ್ವಲ್ಪ ಅಡ್ಡಾಗುವ ಹೊತ್ತಿಗೆ ಸರಿಯಾಗಿ, ಫಿಲ್ಟರು ತೊಳೆದುಕೊಂಡು ಬರುತ್ತೇನೆ ಅಂತ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದರೆ ಸಾಕು. ಬರುವಾಗ ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ಸಂಜೆ ಭುಜ ಹಿಡಿದುಕೊಂಡು ಮುಲುಕುತ್ತಿದ್ದರು, ನಾನೇ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಒದ್ದೆ ತೋಳು, ನೋಯುವ ಭುಜ. ಯಾವಳಿಗೋ ಬಾವಿಯಿಂದ ನೀರು ಸೇದಿಕೊಡುತ್ತಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ನನಗೆ ಒಂದು ಕೊಡ ಎತ್ತಿಕೊಡದ ಮನುಷ್ಯ.

ನಮ್ಮ ಊರಿನಲ್ಲಿ ನಲ್ಲಿ ಬಂದ ಮೇಲೆ ಬಾವಿ ಉಳಿದಿರುವುದು ಮೂರೇ ಮನೆಯಲ್ಲಿ. ಕಿಟಕಿ ನೋಡುವ ನೆಪದಲ್ಲಿ ಮೂರಕ್ಕೂ ಹೋಗಿಬಂದೆ. ಒಂದರ ಬಾವಿಯಲ್ಲಿ ನೀರಿರಲಿಲ್ಲ. ಇನ್ನೊಂದರ ಒಡತಿಗೆ ತೊಂಬತ್ತು ವರ್ಷ, ನನ್ನನ್ನು ಯಾರ ಮಗಳು ಅಂತ ಎರಡು ಸಲ ಕೇಳಿದಳು. ಮೂರನೆಯದರಲ್ಲಿ ಇದ್ದವಳು ನೋಡಲು ಲಕ್ಷಣವಾಗಿದ್ದಳು. ಅವಳ ಜೊತೆ ಅರ್ಧ ಗಂಟೆ ಮಾತಾಡಿ, ಅವಳ ಬಾವಿಗೆ ಮೋಟಾರು ಇದೆ ಅಂತ ತಿಳಿದು, ಒಂದು ನಿಂಬೆ ಉಪ್ಪಿನಕಾಯಿ ಡಬ್ಬಿ ಇಸಿದುಕೊಂಡು ವಾಪಸು ಬಂದೆ. ಉಪ್ಪಿನಕಾಯಿ ಎಲ್ಲಿಯದು ಅಂತ ಅವರು ಕೇಳಿದರು. ಯಾರೋ ಕೊಟ್ಟರು ಅಂದೆ. ಮೂರನೆಯ ಮೆಟ್ಟಿಲಿನಿಂದಲೂ ಹೊಸ್ತಿಲಿಗೆ ಕಾಲು ಎತ್ತಿ ಇಡುವ ಹಾಗಾಯಿತು.

ಊರಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ನಿವೃತ್ತ ಅಂಚೆ ಮಾಸ್ತರು ಶ್ರೀಕಂಠಯ್ಯನವರ ಮನೆ. ಆ ಗಂಡಹೆಂಡತಿಯಷ್ಟು ಒಳ್ಳೆಯವರು ಇನ್ನೊಬ್ಬರಿಲ್ಲ. ಅವರು ಏನಂದರೂ ಇವರು ಆಗಲಿ ಅನ್ನುತ್ತಾರೆ, ಇವರು ಏನು ಮಾಡಿದರೂ ಅವರು ಪರವಾಗಿಲ್ಲ ಅನ್ನುತ್ತಾರೆ. ನಲವತ್ತೊಂದು ಮೆಟ್ಟಿಲು. ಅಷ್ಟು ಮೆಟ್ಟಿಲು ಮರೆಮಾಡುವಷ್ಟು ಹೂಕುಂಡ ಯಾರ ಹತ್ತಿರವೂ ಇಲ್ಲ, ಹಾಗಾಗಿ ಅದೊಂದು ಮನೆಗೆ ಸುಳ್ಳು ಟಕ್ ಬೇಕಿಲ್ಲ. ಎಂಟೂ ಗೆಣ್ಣು ಎಳೆದು, ಮೇಲೆ ನನ್ನ ಕೈಯನ್ನೂ ಎತ್ತಬೇಕು.

ಒಂದು ಶುಕ್ರವಾರ ಅಲ್ಲಿ ನಿಂತಿದ್ದೆ. ಅರ್ಧಕ್ಕೇ ಡ್ರಮ್ಮಿನ ನೀರು ಮುಗಿಯಿತು. ನಮ್ಮವರು ಗಾಡಿಯಿಂದ ಪೈಪು ಬಿಚ್ಚಿ, ಬೀದಿಯ ಕೊನೆಯ ನಲ್ಲಿಗೆ ಡ್ರಮ್ಮು ತುಂಬಿಸಲು ಹೋದರು. ಎಂಟು ಗೆಣ್ಣನ್ನು ಇಳಿಸಿ ಮತ್ತೆ ಏರಿಸುವುದು ಯಾಕೆಂದು ನಾನು ಬ್ರಷ್ಷನ್ನು ಗಾಜಿಗೆ ಆನಿಸಿ ದೋಟಿ ಹಿಡಿದುಕೊಂಡೇ ಕಾದೆ. ಆಗ ಪಕ್ಕದ ಕಿಟಕಿ ತೆರೆದು ಯಾರೋ ತಲೆ ಹೊರಗೆ ಹಾಕಿದರು. ಅಷ್ಟು ಮೇಲೆ ಮುಖ ನನಗೆ ಕಾಣಲಿಲ್ಲ, ಅರಿಶಿನ ಬಣ್ಣದ ಸೀರೆಯಿಂದ ವಿಶಾಲಾಕ್ಷಮ್ಮನವರು ಅಂತ ತಿಳಿಯಿತು. ಅವರು ಮೆಲ್ಲಗೆ ಏನೋ ಅಂದರು. ಕೇಳಿಸಲಿಲ್ಲ ಅಂದೆ. ಇನ್ನೂ ಸ್ವಲ್ಪ ಜೋರಾಗಿ ಅಂದರು. ಕೇಳಿಸಲಿಲ್ಲ ಅಂದೆ. ಮೂರನೆಯ ಸಲಕ್ಕೆ, ಜನ್ಮದಲ್ಲಿ ಜೋರಾಗಿ ಮಾತಾಡದ ಆ ಹೆಂಗಸು ಇಡೀ ಬೀದಿಗೆ ಕೇಳುವ ಹಾಗೆ ಕೂಗಬೇಕಾಯಿತು.

"ತಪ್ಪು ತಿಳ್ಕೋಬೇಡಿ ಪುಟ್ಟತಾಯಮ್ಮ. ಸಂಕ್ರಾಂತಿಯಿಂದ ನೀವು ತೊಳೆದ ಕಿಟಕಿ ಕೊಳೆಯಾಗೇ ಇರುತ್ತೆ. ಮಧ್ಯಾಹ್ನ ನಿಮ್ಮ ಯಜಮಾನ್ರು ಬಂದು ಇನ್ನೊಂದ್ಸಲ ತೊಳೀತಾರೆ. ಅವರಿಗೆ ಪಂಪು ಒತ್ತೋರು ಬೇಕಲ್ಲ, ಅದಕ್ಕೆ ನಾನು ಪ್ರತಿ ಶುಕ್ರವಾರ ಊಟ ಬಿಟ್ಟು ಇಷ್ಟೂ ಮೆಟ್ಟಿಲು ಇಳಿದು ಬರ್ತೀನಿ. ಆಗಲ್ಲ ಅನ್ನೋಕೆ ನಂಗೆ ಬಾಯಿ ಬರಲ್ಲ. ಮೊದಲು ಮೂವತ್ತಾರು ಮೆಟ್ಟಿಲಿತ್ತು. ಈಗ ನಲವತ್ತೊಂದು."

ಅಷ್ಟು ಹೇಳಿದ್ದೇ ತಡ, ಮನೆ ಐದು ಮೆಟ್ಟಿಲಿನಷ್ಟು ಕೆಳಗಿಳಿಯಿತು. ಬ್ರಷ್ಷು ಗಾಜಿಗೇ ಅಂಟಿಕೊಂಡಿತ್ತು, ದೋಟಿ ಬಿಲ್ಲಿನ ಹಾಗೆ ಬಾಗಿತು. ನಾನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ಒಂದು ಗೆಣ್ಣು ಒಳಗೆ ತಳ್ಳಿದೆ. ವಿಶಾಲಾಕ್ಷಮ್ಮನವರಿಗೆ ಅಷ್ಟು ಹೊತ್ತಿಗೆ ರುಚಿ ಹತ್ತಿತ್ತು. ಅವರು ಕಿಟಕಿಯಿಂದ ಒಳಗೆ ತಿರುಗಿ, ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದಿ ನನಗೆ ಕೇಳಿಸುತ್ತೀರಲ್ಲ, ನನಗೆ ಓದಲು ಬರುವುದಿಲ್ಲವೇ ಅಂತ ಗಂಡನನ್ನು ಕೇಳಿದರು. ಮತ್ತೊಂದು ಗೆಣ್ಣು. ಒಳಗಿನಿಂದ ಶ್ರೀಕಂಠಯ್ಯನವರು, ನಿನಗಾಗಿ ಅಂತ ಓದಿ ಓದಿ ನನ್ನ ಗಂಟಲು ಹೋಗಿದೆ, ನನಗೂ ಸುಮ್ಮನೆ ಕೂರುವುದು ಇಷ್ಟ ಅಂದರು. ಇನ್ನೆರಡು ಗೆಣ್ಣು. ನಾನು ಒಂದು ಕೈಯಲ್ಲಿ ದೋಟಿ ಹಿಡಿದು ಇನ್ನೊಂದರಲ್ಲಿ ಕ್ಲಾಂಪು ಬಿಚ್ಚುತ್ತಾ, ಹಿಂದೆ ಹಿಂದೆ ನಡೆದು ಎದುರುಮನೆಯ ಜಗಲಿಗೆ ಬೆನ್ನು ತಾಗಿಸಿಕೊಂಡು ನಿಂತೆ. ನಮ್ಮವರು ಡ್ರಮ್ಮು ತುಂಬಿಸಿಕೊಂಡು ಬಂದಾಗ ಆ ಮನೆ ಅರ್ಧಕ್ಕರ್ಧ ಇಳಿದು, ಮೆಟ್ಟಿಲಿನ ಸಾಲು ಬಾಗಿಲಿನ ಮುಂದೆ ಗೋಡೆಯ ಹಾಗೆ ನಿಂತಿತ್ತು. ಅವರು ಬೇರೆ ಬೀದಿಗೆ ಬಂದೆನೇ ಅಂತ ಹಿಂತಿರುಗಿ ನೋಡಿದರು.

"ಏನಾಯ್ತು?" ಅಂದರು.

"ಏನಿಲ್ಲ, ಮಾತಾಡ್ತಿದ್ರು," ಅಂದೆ.

ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಗಾಡಿಯ ಹಿಂದೆ ನಡೆದೆ. ಮುಂದೆ ಅವರು ಬಲಗೈಯನ್ನು ಎದೆಗೆ ಒತ್ತಿಕೊಂಡು ಎಡಗೈಯಲ್ಲಿ ಗಾಡಿ ತಳ್ಳುತ್ತಿದ್ದರು. ಆ ಭುಜದಲ್ಲಿ ದಿನಾ ಮಧ್ಯಾಹ್ನ ನಾನು ಕೆಡಿಸಿದ್ದನ್ನೆಲ್ಲ ಎತ್ತಿ ತೊಳೆದಿದ್ದಾರೆ. ನಾನು ಮಲಗಿ ಎದ್ದು, ಸಂಜೆ ಅದೇ ಭುಜಕ್ಕೆ ಎಣ್ಣೆ ತಿಕ್ಕುತ್ತಾ ಬಾವಿಯವಳನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಹೇಳಿಬಿಡಬೇಕು ಅಂದುಕೊಂಡೆ. ಹೇಳಿದರೆ ದೋಟಿ ಕೈಬಿಡುತ್ತದೆ. ದೋಟಿ ಇಲ್ಲದ ನಾನು ಯಾರು ಅಂತ ನನಗೇ ಗೊತ್ತಿರಲಿಲ್ಲ. ಆ ಸಂಜೆ ಸುಮ್ಮನೆ ಮುದ್ದೆ ತಿರುವಿದೆ. ಅವರು ಸುಮ್ಮನೆ ನುಂಗಿದರು. ಮನೆ ಅಡುಗೆಯ ಹೊತ್ತಿನಿಂದ ಮಲಗುವವರೆಗೆ ಏಳುತ್ತಲೇ ಇತ್ತು. ತಟ್ಟೆಯಲ್ಲಿ ಸಾರು ಅಲುಗುತ್ತಿತ್ತು. ಇಬ್ಬರೂ ಅದನ್ನು ಕಾಣದವರ ಹಾಗೆ ತಟ್ಟೆ ಹಿಡಿದುಕೊಂಡು ಉಂಡೆವು.

ಬೆಳಿಗ್ಗೆ ಬಾಗಿಲು ತೆರೆದರೆ ಮೂರು ಕಲ್ಲುಮೆಟ್ಟಿಲು ಎಲ್ಲೋ ಕೆಳಗೆ ಕಾಣುತ್ತಿದ್ದವು. ಸಣ್ಣಮ್ಮ ಬೀದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ತಲೆ ಎತ್ತಿ ನಿಂತಿದ್ದಳು. ಆ ಹೊತ್ತು ಅವಳಿಗೂ ಮಾತು ಬರಲಿಲ್ಲ, ಅವಳ ಮನೆ ಒಂದು ಕೂದಲು ಎದ್ದಿದ್ದರೂ ಆಶ್ಚರ್ಯವಿಲ್ಲ. ಆಮೇಲೆ ಅವಳ ಗಂಡ ಹುಲ್ಲು ತರುವ ಗಾಡಿಯನ್ನು ತಂದು ಗೋಡೆಗೆ ನಿಲ್ಲಿಸಿದ. ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಅದರ ಮೇಲೆ ಇಳಿದು, ಅಲ್ಲಿಂದ ನೆಲಕ್ಕೆ ಬಂದೆವು. ಬೀದಿಯವರೆಲ್ಲ ಬಂದು ನಿಂತಿದ್ದರು. ಯಾರ ಕೈಯಲ್ಲೂ ಅಕ್ಕಿಯ ಮೊರ ಇರಲಿಲ್ಲ, ನೆಪಕ್ಕೂ ಇರಲಿಲ್ಲ.

ನಾನು ತಿರುಗಿ ನೋಡಿದೆ. ಹತ್ತೊಂಬತ್ತು ವರ್ಷ ಊರಿನ ಕಿಟಕಿ ತೊಳೆದಿದ್ದೇನೆ, ನನ್ನ ಮನೆಯ ಕಿಟಕಿಯನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು.

"ಇವತ್ತು ನಮ್ಮನೆ ಕಿಟಕಿ ತೊಳೆಯೋಣ," ಅಂದೆ.

ನಮ್ಮವರು ನನ್ನ ಮುಖ ನೋಡಿದರು. ಏನೂ ಕೇಳದೆ ಗಾಡಿಯ ಹತ್ತಿರ ಹೋಗಿ ಪಂಪಿನ ಹಿಡಿ ಹಿಡಿದುಕೊಂಡರು. ನಾನು ಬ್ರಷ್ಷನ್ನು ಗೋಡೆಗೆ ಆನಿಸಿ ಗೆಣ್ಣು ಬಿಟ್ಟೆ. ಟಕ್, ಟಕ್, ಟಕ್, ಟಕ್, ಟಕ್. ಸುಳ್ಳು ಟಕ್ ಒಂದೂ ಸೇರಿಸಲಿಲ್ಲ. ಐದು ಗೆಣ್ಣು ಅಂತ ಇಡೀ ಬೀದಿ ಎಣಿಸಿತು. ಎಣಿಸಲಿ ಅಂತ ಬಿಟ್ಟೆ. ಹನ್ನೆರಡು ಸಲ ಉಜ್ಜಿದೆ, ಮೂವತ್ತು ಎಣಿಸುವವರೆಗೆ ನೀರು ಬಿಟ್ಟೆ. ಬೇಕೆಂದೇ ಕೆಡಿಸಲಿಲ್ಲ, ನನ್ನ ಕೈಲಾದಷ್ಟು ಚೆನ್ನಾಗಿಯೇ ಮಾಡಿದೆ. ದೋಟಿಯನ್ನು ಇಳಿಸದೆ ಹಾಗೇ ಹಿಡಿದುಕೊಂಡು ಕೇಳಿದೆ.

"ಹೇಗಿದೆ?"

ಅವರು ತಲೆ ಎತ್ತಿ ನೋಡಿದರು. "ಕನ್ನಡಿ..." ಅಂದು ನಿಂತರು. ಮನೆ ಅಷ್ಟಕ್ಕೇ ಕಿರ್ ಅಂತು. ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಮತ್ತೆ ನೋಡಿದರು.

"ಎಡಗಡೆ ಮೇಲಿನ ಮೂಲೆ," ಅಂದರು. "ಬಿಟ್ಟಿದೀಯ."

ಮನೆ ಒಂದು ಮೊಳ ಇಳಿಯಿತು. ನಾನು ಒಂದು ಗೆಣ್ಣು ತಳ್ಳಿಕೊಂಡೆ.

"ಇನ್ನೇನು?"

"ಮೇಲಿನ ಚೌಕಟ್ಟು ಉಜ್ಜೇ ಇಲ್ಲ. ಕೊಳೆ ಸೋರ್ತಿದೆ, ಮೂರು ಗೆರೆ ಬಿದ್ದಿದೆ."

"ಹೇಳ್ತಾ ಹೋಗಿ."

"ಬಲಗಡೆ ಗಾಜಿಗೆ ಬ್ರಷ್ಷೇ ತಾಗಿಲ್ಲ ಕಣೆ. ನೀನು ಗೋಡೆ ಉಜ್ಜಿದೀಯ."

ಬೀದಿಯಲ್ಲಿ ಯಾರೋ ನಕ್ಕರು, ಸಣ್ಣಮ್ಮ ಅವರಿಗೆ ಏನೋ ಅಂದಳು. ಮನೆ ಇಳಿಯುತ್ತಿತ್ತು. ನನ್ನ ಕೈ ತನ್ನಷ್ಟಕ್ಕೆ ಕ್ಲಾಂಪು ಬಿಚ್ಚಿ ಬಿಗಿಯುತ್ತಿತ್ತು, ಕಾಲು ತನ್ನಷ್ಟಕ್ಕೆ ಹಿಂದಕ್ಕೆ ಹೋಗುತ್ತಿತ್ತು.

"ನಂಗೆ ಕಾಣಲ್ಲ ಕಣ್ರೀ," ಅಂದೆ. "ಐದಾರು ತಿಂಗಳಾಯ್ತು."

"ಗೊತ್ತು."

"ನಿಮಗೆ ಗೊತ್ತು ಅಂತ ನಂಗೂ ನಿನ್ನೆ ಗೊತ್ತಾಯ್ತು."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಈ ಸಲದ ಮೌನಕ್ಕೆ ಮನೆ ಏಳಲಿಲ್ಲ. ಆಮೇಲೆ ನನಗೆ ಅವರ ಭುಜ ನೆನಪಾಯಿತು. ಸಿಟ್ಟು ಎಲ್ಲಿತ್ತೋ ಬಂತು. ಆ ಭುಜದಲ್ಲಿ ಎಂಟು ಗೆಣ್ಣು ಎತ್ತಿದಿರಾ, ಇನ್ನೊಂದು ಸಲ ಗಾಳಿ ಬಂದಿದ್ದರೆ ಏನಾಗುತ್ತಿತ್ತು, ಆ ವಯಸ್ಸಾದ ಹೆಂಗಸನ್ನು ನಲವತ್ತೊಂದು ಮೆಟ್ಟಿಲು ಇಳಿಸಿ ಪಂಪು ಒತ್ತಿಸಲು ನಿಮಗೆ ಬುದ್ಧಿ ಇದೆಯಾ, ನಾನು ಇಲ್ಲಿ ಬಾವಿ ಬಾವಿ ಹುಡುಕಿಕೊಂಡು ಅಲೆದು ಉಪ್ಪಿನಕಾಯಿ ಇಸಿದುಕೊಂಡು ಬಂದೆನಲ್ಲ ಅಂತ ಒಂದೇ ಉಸಿರಿಗೆ ಕೂಗಿದೆ. ಬಾವಿಯ ವಿಷಯ ಅವರಿಗೆ ತಿಳಿದಿರಲಿಲ್ಲ. ಅರ್ಥವಾದ ಮೇಲೆ ಪಂಪು ಬಿಟ್ಟು ಗಾಡಿಯ ಚಕ್ರಕ್ಕೆ ಒರಗಿ ಕೂತು, ಭುಜ ಹಿಡಿದುಕೊಂಡು ನಗಲು ಶುರುಮಾಡಿದರು. ನಕ್ಕರೆ ಭುಜ ನೋಯುತ್ತದೆ, ನೋಯುತ್ತದೆ ಅಂತ ಇನ್ನೂ ನಗು.

ಕೊನೆಯ ಗೆಣ್ಣೂ ಒಳಗೆ ಹೋಯಿತು. ಕಿಟಕಿ ಬಂದು ನನ್ನ ಮುಖದ ಮುಂದೆ ನಿಂತಿತು. ಅಷ್ಟು ಹತ್ತಿರಕ್ಕೆ ನನ್ನ ಕಣ್ಣಿಗೂ ಕಂಡಿತು: ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಹಿಡಿ ಜೇಡರಬಲೆ, ಅದರ ನಡುವೆ ಒದ್ದೆಯಾದ ಒಂದು ಜೇಡ. ದೋಟಿ ಕೆಳಗಿಟ್ಟು ಸೆರಗಿನಿಂದ ಒರೆಸಿದೆ. ಒರೆಸಿ ಮುಗಿಸುವಷ್ಟರಲ್ಲಿ ಕಿಟಕಿ ಸೊಂಟದ ಹತ್ತಿರ ಇಳಿದಿತ್ತು.

ಇಳಿದ ರಭಸಕ್ಕೆ ಮನೆ ಮೊದಲಿನ ಮಟ್ಟದಲ್ಲಿ ನಿಲ್ಲಲಿಲ್ಲ. ಈಗ ನಮ್ಮ ಹೊಸ್ತಿಲು ಬೀದಿಗಿಂತ ಒಂದು ಮೆಟ್ಟಿಲು ಕೆಳಗಿದೆ. ಹೀಗೆ ಊರಿನಲ್ಲಿ ಯಾವ ಮನೆಗೂ ಆಗಿರಲಿಲ್ಲ, ಸಣ್ಣಮ್ಮನ ಮನೆಗೂ. ಅವಳಿಗೆ ಅದರ ಬೇಜಾರಿದೆ, ಬಂದು ಹೇಳಿ ಹೋದಳು. ಮುಂದುಗಡೆಯ ಮೂರು ಕಲ್ಲುಮೆಟ್ಟಿಲು ಎಲ್ಲಿಗೂ ಹೋಗದೆ ಉಳಿದಿವೆ. ಕಣ್ಣಿನ ಡಾಕ್ಟರು ನನ್ನ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ, ಇನ್ನೊಂದಕ್ಕೆ ಶ್ರಾವಣ ಕಳೆಯಲಿ ಅಂದಿದ್ದಾರೆ. ಅಲ್ಲಿಯವರೆಗೆ ನಮ್ಮವರು ಪಂಪಿಗೆ ಉದ್ದ ಹಗ್ಗ ಕಟ್ಟಿಕೊಂಡು, ಬೀದಿಯ ಆಚೆ ಬದಿಯಿಂದ ಕಾಲಿನಲ್ಲಿ ಎಳೆಯುತ್ತಾ, ಎಡಗಡೆ, ಮೇಲೆ, ಗೋಡೆ ಬಿಡು, ಅಂತ ಕೂಗುತ್ತಾರೆ. ನನಗೆ ಗೊತ್ತಿದೆ ಅಂತ ನಾನು ಕೂಗುತ್ತೇನೆ. ಬಿಟ್ಟಿದ್ದ ಗಿರಾಕಿಗಳು ವಾಪಸು ಬಂದಿದ್ದಾರೆ. ಕಿಟಕಿ ಸ್ವಚ್ಛವಾಗುತ್ತದೆ ಅಂತಲೋ, ನಮ್ಮ ಕೂಗಾಟ ನೋಡಬಹುದು ಅಂತಲೋ ನಾನು ಕೇಳಿಲ್ಲ. ಸ್ವಲ್ಪ ಮೆಲ್ಲಗೆ ಮಾತಾಡಿ ಅಂತ ಮೊನ್ನೆ ಹೇಳಿಕಳಿಸಿದವಳು ಸಣ್ಣಮ್ಮ.

ತೊಂದರೆ ಒಂದೇ. ಮಳೆ ಬಂದರೆ ಬೀದಿಯ ನೀರೆಲ್ಲ ನಮ್ಮ ನಡುಮನೆಗೆ ಬರುತ್ತದೆ. ಮನೆ ಬೀದಿಯ ಮಟ್ಟಕ್ಕಾದರೂ ಏಳಬೇಕು, ಅದಕ್ಕೆ ಏನನ್ನಾದರೂ ನುಂಗಿಕೊಳ್ಳಬೇಕು ಅಂತ ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಒಂದು ವಾರ ಪ್ರಯತ್ನಪಟ್ಟೆವು. ನನಗಂತೂ ಅವರಿಂದ ಮುಚ್ಚಿಡಲು ಒಂದೂ ಸಿಗಲಿಲ್ಲ, ಇದ್ದದ್ದನ್ನೆಲ್ಲ ಬೀದಿಯಲ್ಲಿ ಕೂಗಿ ಮುಗಿಸಿದ್ದೆ. ಸೋತು, ಹಲಗೆ ಅಡ್ಡ ಹಾಕಿ ಜೇಡಿಮಣ್ಣು ಮೆತ್ತೋಣ ಅಂದುಕೊಂಡೆ.

ನಿನ್ನೆ ಬೆಳಿಗ್ಗೆ ಕೊಡ ತರುವಾಗ ಕಾಲಿಗೆ ವ್ಯತ್ಯಾಸ ತಿಳಿಯಿತು. ಬಗ್ಗಿ ನೋಡಿದೆ. ಹೊಸ್ತಿಲು ಬೀದಿಗೆ ಸರಿಸಮ ಬಂದು, ಮೇಲೆ ಒಂದು ಬೆರಳು ಹೆಚ್ಚೇ ಎದ್ದಿತ್ತು. ನಾನು ಏನೂ ನುಂಗಿಲ್ಲ. ಒಳಗೆ ನಮ್ಮವರು ನಾನು ಮಾಡಿಟ್ಟ ಉಪ್ಪಿಟ್ಟನ್ನು ತಲೆ ತಗ್ಗಿಸಿ ತಿನ್ನುತ್ತಿದ್ದರು, ಮೀಸೆಯ ಮರೆಯಲ್ಲಿ ನಗು ಇತ್ತು. ಏನದು ಅಂತ ಕೇಳಲು ಬಾಯಿ ತೆರೆದೆ. ಹೊರಗೆ ಮೋಡ ಕಟ್ಟಿತ್ತು. ಕೊಡ ಇಳಿಸಿ, ಅವರ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದೆ. ಮಳೆಗಾಲ ಮುಗಿಯಲಿ, ಆಮೇಲೆ ಕೇಳುತ್ತೇನೆ.